ಸೀಸಕ್ಕೆ ಗಂಟುಹಾಕಿದ ಕ್ಲೋರೈಡ್

ತೊಂಬತ್ತರ ದಶಕದ ಕೊನೆಯಲ್ಲಿ ಜಯನಗರದ ನಮ್ಮ ಮನೆಯ ಮಹಡಿಯ ಮೇಲೆ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರದ ಟ್ಯೂಷನ್ ಹೇಳುತ್ತಿದ್ದೆ. ಆರೇ ಮಕ್ಕಳು. ಪಾಠ ಚೆನ್ನಾಗಿ ಮಾಡುತ್ತೇನೆಂಬ ಜಂಬ ಇತ್ತು. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ, ಭಾನುವಾರ, ಊಟ ಮುಗಿಸಿ ನನ್ನದೇ ನೋಟ್ಸ್ ತಿರುವುತ್ತಿದ್ದವನಿಗೆ ನಾನೇ ಮಾಡಿದ ತಪ್ಪೊಂದು ಕಣ್ಣಿಗೆ ಬಿತ್ತು. ಅಯಾನು ಸಮೀಕರಣದಲ್ಲಿ ಕ್ರಿಯೆಗೆ ಇಳಿಯುವ ಅಯಾನುಗಳು, ಅಂದರೆ ವಿದ್ಯುದಂಶವಿರುವ ಕಣಗಳು, ಅಷ್ಟೇ ಇರುತ್ತವೆ. ಅದನ್ನು ಪೂರ್ತಿ ಅಣು ಸಮೀಕರಣ ಮಾಡಬೇಕಾದರೆ ಒಂದೊಂದಕ್ಕೂ ಜೊತೆ ಹುಡುಕಬೇಕು. ಜೊತೆಯಾದ ಮೇಲೆ ಅದು ನೀರಿನಲ್ಲಿ ಕರಗುವ ಲವಣವಾಗಿರಬೇಕು. ಸೀಸವೂ ಸಲ್ಫೇಟೂ ಸೇರುವ ಸಮೀಕರಣದಲ್ಲಿ ನಾನು ಸೀಸಕ್ಕೆ ಕ್ಲೋರೈಡನ್ನು ಗಂಟುಹಾಕಿದ್ದೆ. ಸೀಸದ ಕ್ಲೋರೈಡು ತಣ್ಣೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ನೈಟ್ರೇಟ್ ಕೊಡಬೇಕಿತ್ತು. ಸಾಲದ್ದಕ್ಕೆ, “ಇದು ಬಂದೇ ಬರತ್ತೆ, ಬಾಯಿಪಾಠ ಮಾಡಿ” ಎಂದು ಬೇರೆ ಹೇಳಿದ್ದೆ.

ಎಲ್ಲರ ಮನೆಯಲ್ಲೂ ಫೋನಿರಲಿಲ್ಲ. ಸ್ಕೂಟರ್ ಹತ್ತಿದೆ. ಯಡಿಯೂರು, ಗಿರಿನಗರ, ಉತ್ತರಹಳ್ಳಿ ಎಂದು ಬಿಸಿಲಲ್ಲಿ ಸುತ್ತಿ ಐದು ಮಕ್ಕಳ ನೋಟ್ಸ್ ತಿದ್ದಿಸಿದೆ. ಗಿರಿನಗರದಲ್ಲಿ ಹುಡುಗನ ತಾಯಿ, “ಇಷ್ಟಕ್ಕೋಸ್ಕರ ಬಂದ್ರಾ ಸಾರ್? ಕಾಫಿ ಆದ್ರೂ ಕುಡೀರಿ” ಎಂದರು. ಕೂರುವ ವ್ಯವಧಾನ ನನಗಿರಲಿಲ್ಲ.

ಕೊನೆಯವಳ ಮನೆ ಬಿಟಿಎಂ ಬಡಾವಣೆಯಲ್ಲಿ. ಧಾರವಾಡದ ಕಡೆಯಿಂದ ಬಂದು ಬಾಡಿಗೆಗಿದ್ದ ಕುಟುಂಬ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ಹುಡುಗಿ, ಕ್ಲಾಸಿನಲ್ಲಿ ತುಟಿಪಿಟಕ್ಕೆನ್ನುತ್ತಿರಲಿಲ್ಲ. ದಡ್ಡಿ ಎಂದೇ ನಾನು ತೀರ್ಮಾನಿಸಿದ್ದೆ.

“ತಪ್ಪು ಹೇಳ್ಕೊಟ್ಟಿದ್ದೆ ಕಣಮ್ಮ, ನೋಟ್ಸ್ ತಗೊಂಬಾ” ಎಂದೆ. ತಂದಳು. ನನ್ನ ಸಮೀಕರಣದ ಕೆಳಗೆ ಪೆನ್ಸಿಲ್ಲಿನಲ್ಲಿ, ನೈಟ್ರೇಟ್ ಹಾಕಿ, ಸರಿಯಾದ ಸಮೀಕರಣ ಬರೆದಿತ್ತು.

“ಇದ್ಯಾವಾಗ ಬರೆದಿದ್ದು?”

“ನೀವು ಕಲಿಸಿದ ದಿನಾನ ರೀ ಸರ. ಕ್ಲೋರೈಡ್ ಕರಗಂಗಿಲ್ಲಲ್ರಿ.”

“ಅವತ್ತೇ ಯಾಕಮ್ಮ ಹೇಳ್ಲಿಲ್ಲ?”

ಅವಳು ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿದಳು. “ನೀವು ಸಿಟ್ಟಿಗೇಳ್ತೀರಿ ಅಂತ ಹೇಳ್ಲಿಲ್ರಿ.”

ನನಗೆ ನಾಚಿಕೆಯಾಯಿತು. ಅಷ್ಟು ದಿನ ಪಾಠ ಹೇಳಿದ್ದೇ ದಂಡ ಅನ್ನಿಸಿತು. “ಹೋಗ್ಲಿ ಬಿಡು, ನೀನು ನಾಳೆ ಹೇಗಿದ್ರೂ ಸರಿಯಾಗೇ ಬರೀತಿದ್ದೆ” ಎಂದೆ.

“ಇಲ್ರಿ ಸರ” ಎಂದಳು. “ನೀವು ಹೇಳಿದ್ದನ್ನ ಬರೀಬೇಕು ಅಂತ ಮಾಡಿದ್ದೆ.”