ಅಪ್ಪನ ಮುಷ್ಟಿಯೊಳಗಿನ ಖರ್ಜೂರ

ಕಮರಿಪೇಟೆಯಲ್ಲಿ ಅಪ್ಪನದು ಒಣಹಣ್ಣಿನ ಅಂಗಡಿ. ಖರ್ಜೂರ, ಅಂಜೂರಗಳಿಗೆ ಚಾಕೊಲೇಟ್ ಮೆತ್ತಿ ಮಾರುವ ರೂಢಿ ಬಂದಾಗ ಸಿಡಿಮಿಡಿಗೊಂಡಿದ್ದರು. "ಸಿಹಿ ಮ್ಯಾಲ ಮತ್ತ ಸಿಹಿ ಯಾಕ ಬಳೀಬೇಕು?" ಎನ್ನುತ್ತಿದ್ದರು. ಗಿರಾಕಿಗಳು ಮಾತ್ರ ಅದನ್ನೇ ಕೇಳತೊಡಗಿದರು. ಅಪ್ಪ ತರಿಸಿದರು, ರುಚಿ ನೋಡಿದರು. ಆಮೇಲೆ ಸಂಜೆಯ ಚಹಾದ ಜೊತೆ ಒಂದಾದರೂ ಚಾಕೊಲೇಟ್ ಖರ್ಜೂರ ಬಾಯಿಗೆ ಬೀಳದಿದ್ದರೆ ಅವರಿಗೆ ಸಮಾಧಾನವೇ ಇರುತ್ತಿರಲಿಲ್ಲ.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. "ಗಟ್ಟಿ ಏನೂ ಕೊಡಬ್ಯಾಡ್ರಿ. ಉಸಿರಿನ ದಾರಿಗೆ ಇಳದ್ರ ಜೀವಕ್ಕ ಕುತ್ತು" ಎಂದರು ವೈದ್ಯರು. ಅಂದಿನಿಂದ ನುಣ್ಣನೆಯ ಗಂಜಿಯೇ ಅವರ ಊಟ. ಚಮಚದಿಂದ ತಿನ್ನಿಸುವವಳು ನಾನು.

ಒಂದು ಮಧ್ಯಾಹ್ನ ಪಕ್ಕದ ಅಂಗಡಿಯ ಕಾಕಾ ಅಪ್ಪನನ್ನು ನೋಡಲು ಬಂದರು. ನಾನು ಒಳಗೆ ಚಹಾಕ್ಕಿಟ್ಟು ಬರುವಷ್ಟರಲ್ಲಿ ಅವರು ತಂದ ಡಬ್ಬಿ ತೆರೆದಿತ್ತು. ಚಾಕೊಲೇಟ್ ಖರ್ಜೂರ ಹಿಡಿದ ಅಪ್ಪನ ಎಡಗೈ ಬಾಯಿಯ ಹತ್ತಿರ ಹೋಗಿತ್ತು. ಓಡಿಹೋಗಿ ಹಿಡಿದುಕೊಂಡೆ.

"ಬ್ಯಾಡಪ್ಪಾ, ಗಂಟಲ್ದಾಗ ಸಿಗತೈತಿ!"

ಕಾಕಾ ಗಾಬರಿಯಾದರು. "ನನಗ ಗೊತ್ತಿದ್ದಿಲ್ಲವ್ವಾ. ಅಣ್ಣಾರಿಗೆ ಸೇರತೈತಿ ಅಂತ ತಂದೆ."

ಅಪ್ಪ ಬಿಡಲಿಲ್ಲ. ನಾನು ಬೆರಳು ಬಿಡಿಸಲು ಹೋದಷ್ಟೂ ಮುಷ್ಟಿ ಬಿಗಿಯಾಯಿತು. ಕಾಕಾ ಮಂಚದ ಪಕ್ಕ ಬಗ್ಗಿ, "ಕೊಡ್ರಿ ಅಣ್ಣಾರ, ನೀವು ಆರಾಮಾದ ಮ್ಯಾಲ ಕೂಡೇ ತಿನ್ನೋಣ" ಎಂದು ಬೇಡಿಕೊಂಡರು. ಬೇಸಿಗೆಯ ಧಗೆಗೆ ಚಾಕೊಲೇಟ್ ಕರಗಿ, ಬೆರಳ ಸಂದಿನಿಂದ ಇಳಿದು, ಅಂಗಿಯ ತೋಳಿಗೆ ಮೆತ್ತಿತು. ಅಪ್ಪ ಅಳತೊಡಗಿದರು. ದನಿಯೇ ಇಲ್ಲದ ಅಳು. ಕಣ್ಣು ಮಾತ್ರ ನನ್ನ ಮೇಲಿತ್ತು. ಕೊನೆಗೆ ತಾವೇ ಮುಷ್ಟಿ ಸಡಿಲಿಸಿದರು.

ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಅವರ ಕೈ ಒರೆಸಿದೆ. ನಾಲಿಗೆಗೆ ಒಂದಿಷ್ಟು ಸವರಿಬಿಡಲೇ ಅನ್ನಿಸಿತು. ಧೈರ್ಯ ಬರಲಿಲ್ಲ. ಸಂಜೆ ಗಂಜಿಗೆ ಅವರು ಬಾಯಿ ತೆರೆಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮರುದಿನ ವೈದ್ಯರಿಗೆ ಫೋನ್ ಮಾಡಿ, ಬರೇ ಚಾಕೊಲೇಟ್ ಸವರಬಹುದೇ ಎಂದು ಕೇಳಿದೆ. "ಇನ್ನೂ ಬ್ಯಾಡ್ರಿ" ಎಂದರು.

ಕಾಕಾ ಈಗಲೂ ಬರುತ್ತಾರೆ, ಬರಿಗೈಲಿ. ಅಪ್ಪ ಅವರ ಮುಖಕ್ಕಿಂತ ಮೊದಲು ಕೈ ನೋಡುತ್ತಾರೆ. ಕಾಕಾ ಕಣ್ಣು ತಪ್ಪಿಸಿ ಪೇಟೆಯ ಸುದ್ದಿ ಹೇಳತೊಡಗುತ್ತಾರೆ. ನಾನು ಗಂಜಿಯ ಚಮಚ ಹಿಡಿದು, ಅಪ್ಪ ಈ ಕಡೆ ತಿರುಗಲಿ ಎಂದು ಕಾಯುತ್ತೇನೆ.