ಆಯುಧಪೂಜೆಯಂದು ಅಳಿಸಿಹೋದ ಹಾಡುಗಳು

ಕುಂಕುಮದ ಬಟ್ಟಲು ಹಿಡಿದಿದ್ದ ಲೈಬ್ರರಿಯ ಶಾರದಮ್ಮ, “ಸರ್, ನನ್ನ ಕಂಪ್ಯೂಟರ್‌ನಲ್ಲಿ ಅಮ್ಮನ ಹಾಡುಗಳೇ ಕಾಣ್ತಿಲ್ವಲ್ಲ?” ಎಂದಾಗ ನಾನು ಥಟ್ಟನೆ ನನ್ನ ಸರ್ವರ್ ಕಡೆ ತಿರುಗಿ ನೋಡಿದೆ.

ಭದ್ರಾವತಿಯ ನಮ್ಮ ಕಾಲೇಜಿನ ಲ್ಯಾಬ್‌ಗೆಂದು ಹಿಂದಿನ ದಿನವಷ್ಟೇ ಸರ್ವರ್ ಸಿದ್ಧಪಡಿಸಿದ್ದೆ. ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಹಳೆಯದನ್ನೆಲ್ಲ ಅಳಿಸಿ ನೆಟ್‌ವರ್ಕ್ ಮೂಲಕವೇ ಹೊಸ ವಿಂಡೋಸ್ ತುಂಬಿಕೊಳ್ಳುತ್ತಿತ್ತು. ಲೈಬ್ರರಿಗೂ ಅದೇ ಕೇಬಲ್ ಹೋಗಿದೆಯೇ ಎಂದು ನಾನು ವಿಚಾರಿಸಿರಲೇ ಇಲ್ಲ. ಪೂಜೆಗೆಂದು ಅಲ್ಲಿನ ಕಂಪ್ಯೂಟರನ್ನೂ ಆನ್ ಮಾಡಿ ಹೂವಿಟ್ಟಿದ್ದರು. ತೀರಿಹೋದ ತಾಯಿಯ ಸೋಬಾನೆ ಪದಗಳನ್ನು ಶಾರದಮ್ಮ ಊಟದ ಬಿಡುವಿನಲ್ಲಿ ವರ್ಷಗಟ್ಟಲೆ ಕೂತು ಟೈಪ್ ಮಾಡಿದ್ದರು, ಬೇರೆಲ್ಲೂ ಪ್ರತಿಯಿರಲಿಲ್ಲ.

ತಪ್ಪೊಪ್ಪಿಕೊಂಡೆ. ಅವರು, “ಹಬ್ಬದ ದಿನ ಬೇಜಾರು ಮಾಡ್ಕೋಬೇಡಿ ಸರ್” ಎನ್ನುತ್ತಾ ನನ್ನ ಸರ್ವರ್‌ಗೂ ಕುಂಕುಮ ಇಟ್ಟರು.

ಲೈಬ್ರರಿಗೆ ಹೋಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಆ ಕುಂಕುಮ ಒರೆಸಲು ಇವತ್ತಿಗೂ ನನಗೆ ಕೈ ಏಳುತ್ತಿಲ್ಲ.