ಇಪ್ಪತ್ತು ನಿಮಿಷದ ಮ್ಯಾಲಿನ ಕೊಸರು

ಬೈಲಹೊಂಗಲದ ನನ್ನ ಜಿಮ್‌ನ್ಯಾಗ ಹೆಣ್ಮಕ್ಕಳಿಗೆ 'ಹಿಟ್' ಅನ್ನೂ ಜೋರಿನ ಕಸರತ್ತಿನ ಕ್ಲಾಸ್ ಶುರು ಮಾಡಿದ್ದೆ. ನಲವತ್ತು ಸೆಕೆಂಡು ಜೀವ ಹೋಗುವಂಗ ಜಿಗಿಯೂದು, ಇಪ್ಪತ್ತು ಸೆಕೆಂಡು ಸುಧಾರಿಸ್ಕೊಳ್ಳೂದು. ಇಪ್ಪತ್ತು ನಿಮಿಷಕ್ಕ ಎಲ್ಲಾ ಮುಗೀತಿತ್ತು. ಮೊದಲ ದಿನ ಸೀಟಿ ಊದಿ ಮುಗಿಸಿದ್ರ, ಕಾಯಿಪಲ್ಲೆ ಮಾರೂ ಹಸೀನಾ ಅಕ್ಕಾರು ಜಾಗಾ ಬಿಟ್ಟು ಏಳಲಿಲ್ಲ.

"ಇಷ್ಟ ಏನ್ರಿ ಮೇಡಂ? ಬಾಜೂ ಜಿಮ್‌ನ್ಯಾಗ ಪೂರಾ ಒಂದ ತಾಸು ಕೊಡ್ತಾರ."

"ಇದು ಜೋರಿನ ಕಸರತ್ತರಿ ಅಕ್ಕಾ, ಇಷ್ಟ ಸಾಕು."

"ಸಾಕು ಖರೆ. ನಾ ಒಂದ ಕಿಲೋ ಬದ್ನಿಕಾಯಿ ತೂಗಿದ ಮ್ಯಾಲೂ ಎರಡು ಹೆಚ್ಚಿಗಿ ಹಾಕ್ತೇನಿ. ನಿಮ್ಮ ಕೊಸರು ಎಲ್ಲೈತಿ?"

ಗಿರಾಕಿ ಕೈಬಿಟ್ಟು ಹೋದೀತಂತ ಹೆದರಿ, ಇನ್ನೊಂದು ಸುತ್ತು ಮಾಡಿ ತೋರಿಸಿದೆ. ಈಗ ದಿನಾ ಕೊಸರಿನ ಸುತ್ತು ನಾ ಜಿಗೀತೇನಿ. ಅವರೆಲ್ಲಾ ಕುಂತು ನೋಡಿ, ಸಮಾಧಾನದಿಂದ ಮನಿಗೆ ಹೋಗ್ತಾರ. ತಿಂಗಳದಾಗ ತೂಕ ಇಳದದ್ದು ನಂದೊಂದ.